ನಲವತ್ತು ಮನೆಗಳ ಯಹೂದಿ ಸಭೆಯಲ್ಲಿ ಧರ್ಮನಿಧಿ ನಡೆಸುವ ಬಗೆ: ಹಣ, ಕೈಗಡ, ಊಟ, ರೋಗಿ, ಸಾವು

ಅಮೆರಿಕದ ಸಣ್ಣ ಊರೊಂದರ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಅಂದುಕೊಳ್ಳಿ. ಸದಸ್ಯರ ಮನೆಗಳು 40. ಪೂರ್ಣಾವಧಿ ರಬ್ಬಿ, ಎಂದರೆ ಧರ್ಮಗುರು, ಇಲ್ಲ. ತಿಂಗಳಿಗೆ ಎರಡು ಸಲ ವಿದ್ಯಾರ್ಥಿ ರಬ್ಬಿಯೊಬ್ಬರು ಬಂದು ವಾರದ ವಿಶ್ರಾಂತಿ ದಿನವಾದ ಶಬ್ಬತ್ ಪ್ರಾರ್ಥನೆ ನಡೆಸಿ ಹೋಗುತ್ತಾರೆ. ದೊಡ್ಡ ನಗರಗಳಲ್ಲಿ ಕಷ್ಟದಲ್ಲಿರುವವರಿಗೆ ಯಹೂದಿ ಸೇವಾ ಸಂಸ್ಥೆ ಇರುತ್ತದೆ, ಸಂಬಳದ ಸಿಬ್ಬಂದಿ ಇರುತ್ತಾರೆ. ಇಲ್ಲಿ ಇರುವುದು ಒಂದು ತಗಡಿನ ಡಬ್ಬಿ, ನಾಲ್ಕಾರು ಒಳ್ಳೆಯ ಮನಸ್ಸಿನವರು ಮತ್ತು ಎಲ್ಲರಿಗೂ ಎಲ್ಲರ ವಿಷಯ ಗೊತ್ತಿರುವ ಒಂದು ಸಭಾಂಗಣ. ಇಂಥ ಕಡೆ ಹಣ ಹೇಗೋ ಹುಟ್ಟುತ್ತದೆ. ಕೆಲಸ ಕಳೆದುಕೊಂಡವನು ಶನಿವಾರ ಬೆಳಿಗ್ಗೆ ಅದೇ ಬೆಂಚಿನಲ್ಲಿ, ಅದೇ ಜನರ ಪಕ್ಕದಲ್ಲಿ, ತಲೆಯೆತ್ತಿ ಕೂರುವಂತೆ ಸಹಾಯ ಮುಟ್ಟಿಸುವುದೇ ಕಷ್ಟ. ಕೆಳಗಿನ ಪ್ರತಿ ಹೆಜ್ಜೆಯನ್ನೂ ಅದನ್ನು ಮುಂದಿಟ್ಟುಕೊಂಡೇ ಬರೆದಿದೆ.

ಮೊದಲು ಪದದ ಮಾತು. ಹೀಬ್ರೂವಿನಲ್ಲಿ ಇದಕ್ಕೆ ‘ತ್ಸೆದಾಕಾ’ ಎನ್ನುತ್ತಾರೆ. ಬೇರು ‘ತ್ಸೆದೆಕ್’, ಎಂದರೆ ನ್ಯಾಯ. ಇಂಗ್ಲಿಷಿನಲ್ಲಿ ಇದು ಚಾರಿಟಿ ಆದಾಗ ನ್ಯಾಯ ಕಳಚಿಹೋಗಿ ಕರುಣೆಯಷ್ಟೇ ಉಳಿಯುತ್ತದೆ. ಕನ್ನಡಕ್ಕೆ ಆ ತೊಂದರೆ ಇಲ್ಲ: ‘ಧರ್ಮ ಕೊಡಿ ತಾಯಿ’ ಎಂದು ಕೈಚಾಚುವವನ ಬಾಯಲ್ಲಿ ಭಿಕ್ಷೆಯೂ ನ್ಯಾಯವೂ ಒಂದೇ ಪದದಲ್ಲಿವೆ. ನಮ್ಮ ಮುಸ್ಲಿಂ ನೆರೆಹೊರೆಯವರು ಹೇಳುವ ‘ಸದಕಾ’ ಇದೇ ಬೇರಿನ ಅರಬ್ಬಿ ಪದ. ಕೊಡುವುದು ಇಷ್ಟವಿದ್ದರೆ ಮಾಡುವ ಉಪಕಾರವಲ್ಲ, ಸಲ್ಲಬೇಕಾದ ಬಾಕಿ. ಆದ್ದರಿಂದ ಮುಂದೆ ‘ದಾನ’ ಎನ್ನದೆ ‘ಧರ್ಮ’ ಎಂದೇ ಬರೆಯುತ್ತೇವೆ.

ಹೆಜ್ಜೆ 1: ಮೂವರನ್ನು ಆರಿಸಿ

ಊರಿನ ಧರ್ಮದ ಪೆಟ್ಟಿಗೆಗೆ ‘ಕುಪ್ಪಾ’ ಎಂದು ಹೆಸರು. ಅದನ್ನು ಇಬ್ಬರು ಸೇರಿ ವಸೂಲು ಮಾಡಬೇಕು, ಮೂವರು ಕೂತು ಹಂಚಬೇಕು ಎಂಬುದು ಯಹೂದಿಗಳ ಹಳೆಯ ನಿಯಮಸಂಗ್ರಹವಾದ ಮಿಶ್ನಾ ಕಾಲದ ನಿಯಮ, ಸುಮಾರು 1800 ವರ್ಷ ಹಳೆಯದು. ಜನರಿಂದ ಹಣ ಕೇಳುವುದು ಅಧಿಕಾರ ಚಲಾಯಿಸಿದಂತೆ, ಅದನ್ನು ಒಬ್ಬನ ಕೈಗೆ ಕೊಡಬಾರದು. ಯಾರಿಗೆ ಎಷ್ಟು ಎಂದು ತೀರ್ಮಾನಿಸುವುದು ಹಣದ ವ್ಯಾಜ್ಯ ತೀರಿಸಿದಂತೆ, ಅದಕ್ಕೆ ನ್ಯಾಯಪೀಠದ ಹಾಗೆ ಮೂವರು ಬೇಕು. ಇವರನ್ನು ‘ಗಬ್ಬಾಯಿ’ ಎನ್ನುತ್ತಾರೆ.

40 ಮನೆಗಳಲ್ಲಿ ಮೂವರನ್ನು ಹುಡುಕುವಾಗ ಮೂರು ಗುಣ ನೋಡಿ. ಒಬ್ಬರಿಗೆ ಲೆಕ್ಕ ಬರಬೇಕು. ಒಬ್ಬರಿಗೆ ಕೇಳಿಸಿಕೊಳ್ಳಲು ಬರಬೇಕು, ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಬರಬೇಕು. ಮೂರನೆಯವರಿಗೆ ಊರಿನ ಕಚೇರಿಗಳು, ವಿದ್ಯುತ್ ಕಂಪನಿ, ಆಸ್ಪತ್ರೆಯ ಬಿಲ್ ವಿಭಾಗ ಗೊತ್ತಿರಬೇಕು. ಒಂದೇ ಕುಟುಂಬದ ಇಬ್ಬರು ಬೇಡ. ಸಿನಗಾಗ್‌ನ ಅಧ್ಯಕ್ಷರೂ ಬೇಡ. ಸದಸ್ಯತ್ವದ ಶುಲ್ಕ ಬಾಕಿ ಉಳಿಸಿಕೊಂಡವನು ಅಧ್ಯಕ್ಷರ ಮುಂದೆ ಬಾಡಿಗೆಯ ಕಷ್ಟ ಹೇಳಿಕೊಳ್ಳುವುದಿಲ್ಲ. ಅವಧಿ ಮೂರು ವರ್ಷ ಇರಲಿ, ವರ್ಷಕ್ಕೆ ಒಬ್ಬರು ಮಾತ್ರ ಬದಲಾಗಲಿ. ಮೂವರೂ ಒಟ್ಟಿಗೆ ಇಳಿದರೆ ಹಳೆಯ ಪ್ರಕರಣಗಳ ತಿಳಿವಳಿಕೆಯೂ ಅವರೊಂದಿಗೆ ಹೊರಟುಹೋಗುತ್ತದೆ.

ಗಬ್ಬಾಯಿಗಳ ನಡತೆಗೆ, ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದ್ ಕೊಡುವ ಸೂಚನೆಗಳು ಬೆರಗಾಗುವಷ್ಟು ನಿಖರ. ವಸೂಲಿಗೆ ಹೊರಟ ಇಬ್ಬರು ಒಬ್ಬರನ್ನೊಬ್ಬರು ಬಿಟ್ಟು ದೂರ ಹೋಗಬಾರದು. ದಾರಿಯಲ್ಲಿ ತನ್ನದೇ ಹಣ ಸಿಕ್ಕರೂ ಜೇಬಿಗೆ ಹಾಕದೆ ಧರ್ಮದ ಚೀಲಕ್ಕೆ ಹಾಕಿ, ಮನೆಗೆ ಹೋದಮೇಲೆ ತೆಗೆದುಕೊಳ್ಳಬೇಕು. ಪೆಟ್ಟಿಗೆಯ ಚಿಲ್ಲರೆಯನ್ನು ಬದಲಿಸುವಾಗ ಬೇರೆಯವರ ಬಳಿ ಬದಲಿಸಬೇಕು, ತನ್ನ ಹಣಕ್ಕೆ ಬದಲಿಸಿಕೊಳ್ಳಬಾರದು. ನೋಡುವವರಿಗೆ ಅನುಮಾನ ಬರಬಾರದಷ್ಟೇ. ಇವತ್ತಿಗೆ ಇದನ್ನು ಹೀಗೆ ಓದಿಕೊಳ್ಳಿ: ಡಬ್ಬಿಯ ಹಣ ಎಣಿಸುವಾಗ ಇಬ್ಬರಿರಿ, ನಗದನ್ನು ನೀವಿಟ್ಟುಕೊಂಡು ಅಷ್ಟೇ ಮೊತ್ತವನ್ನು ಫೋನಿನಿಂದ ವರ್ಗಾಯಿಸಬೇಡಿ, ನಿಧಿಗಾಗಿ ದಿನಸಿ ಕಾರ್ಡುಗಳನ್ನು ಸ್ವಂತ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡು ಅದರ ಪಾಯಿಂಟುಗಳನ್ನು ನೀವು ಗಳಿಸಿಕೊಳ್ಳಬೇಡಿ. ಒಳ್ಳೆಯ ಜನ ಯೋಚಿಸದೆ ಮಾಡಿಬಿಡುವ ತಪ್ಪು ಈ ಕೊನೆಯದು.

ಹೆಜ್ಜೆ 2: ಖಾತೆ ಬೇರೆ ತೆರೆಯಿರಿ

ನಿಧಿಯ ಬ್ಯಾಂಕ್ ಖಾತೆ ಸಭೆಯ ತೆರಿಗೆ ಸಂಖ್ಯೆಯಲ್ಲೇ ಇರಬೇಕು, ಆದರೆ ಛಾವಣಿ ರಿಪೇರಿ, ಹೀಟರ್ ಬಿಲ್ಲಿನ ಹಣದ ಜೊತೆ ಬೆರೆಯಬಾರದು. ಬೆರೆತರೆ ಜನವರಿಯ ಚಳಿಯಲ್ಲಿ ಹೀಟರ್ ಕೆಟ್ಟ ದಿನ ಧರ್ಮದ ಹಣ ‘ತಾತ್ಕಾಲಿಕವಾಗಿ’ ಆ ಕಡೆ ಹೋಗುತ್ತದೆ, ಮರಳಿ ಬರುವುದಿಲ್ಲ. ರಬ್ಬಿಗೆ ಬೇಕಾದಂತೆ ಬಳಸಲು ಕೊಡುವ ವಿವೇಚನಾ ನಿಧಿಗೂ ಇದೇ ನಿಯಮ. ಅದು ರಬ್ಬಿಯ ಸ್ವಂತ ಹೆಸರಿನ ಖಾತೆಯಲ್ಲಿದ್ದರೆ ತೆರಿಗೆ ಇಲಾಖೆ ಅದನ್ನು ಅವರ ಆದಾಯ ಎಂದು ಎಣಿಸಬಹುದು. ಪ್ರತಿ ಚೆಕ್ಕಿಗೆ ಎರಡು ಸಹಿ.

ಒಂದೇ ಸಲಕ್ಕೆ 250 ಡಾಲರ್ ಅಥವಾ ಹೆಚ್ಚು ಕೊಟ್ಟವರಿಗೆ ಲಿಖಿತ ರಸೀದಿ ಕೊಡಿ, ಅದಿಲ್ಲದೆ ಅವರಿಗೆ ತೆರಿಗೆ ವಿನಾಯಿತಿ ಇಲ್ಲ. ‘ಈ 500 ಡಾಲರನ್ನು ಇಂಥವರಿಗೇ ಕೊಡಿ’ ಎಂದು ಹೆಸರು ಹೇಳಿ ಕೊಡುವವರು ಪ್ರತಿ ವರ್ಷ ಒಬ್ಬರಾದರೂ ಬರುತ್ತಾರೆ. ಒಬ್ಬ ನಿರ್ದಿಷ್ಟ ವ್ಯಕ್ತಿಗೆಂದು ಗುರುತಿಟ್ಟು ಕೊಟ್ಟ ಹಣಕ್ಕೆ ಅಮೆರಿಕದ ಕಾನೂನಿನಲ್ಲಿ ವಿನಾಯಿತಿ ಸಿಗುವುದಿಲ್ಲ, ಗುಟ್ಟೂ ಉಳಿಯುವುದಿಲ್ಲ. ‘ನಿಧಿಗೆ ಕೊಡಿ, ಯಾರಿಗೆ ಎಂಬುದನ್ನು ನಮಗೆ ಬಿಡಿ’ ಎಂದು ಮೆತ್ತಗೆ ಹೇಳಿ. ಹೇಳಿದ ಹೆಸರನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಳ್ಳಿ. ಅಲ್ಲಿ ಕಷ್ಟ ಇದೆ ಎಂಬ ಸುಳಿವು ಅದು.

ಈಗ ಕಣ್ಣಿಗೆ ಬೀಳದ ಒಂದು ವಿಷಯ: ಚೆಕ್ಕಿನ ಎಡಮೂಲೆ. ಬ್ಯಾಂಕು ಅಚ್ಚು ಮಾಡಿ ಕಳಿಸುವ ಚೆಕ್ಕಿನ ಮೇಲೆ ಸಿನಗಾಗ್‌ನ ಹೆಸರು, ವಿಳಾಸ, ಪಕ್ಕದಲ್ಲೊಂದು ಆರು ಮೂಲೆಯ ನಕ್ಷತ್ರ ಇರುತ್ತದೆ. ಅದನ್ನು ಮನೆ ಮಾಲೀಕನಿಗೆ ಬಾಡಿಗೆ ಎಂದು ಕೊಟ್ಟ ಕ್ಷಣ ಬಾಡಿಗೆದಾರನ ಕಷ್ಟ ಸಣ್ಣ ಊರಿನ ಬೀದಿಗೆ ಬಂತು. ವಿದ್ಯುತ್ ಕಚೇರಿಯ ಕೌಂಟರಿನಲ್ಲಿ ಕೂತವರೂ ಅದನ್ನು ಓದುತ್ತಾರೆ. ಪರಿಹಾರ ಸುಲಭ, ಖರ್ಚೂ ಕಡಿಮೆ: ಬಾಡಿಗೆಗೆ ಬ್ಯಾಂಕಿನಿಂದಲೇ ಕ್ಯಾಷಿಯರ್ ಚೆಕ್ ಮಾಡಿಸಿ, ಕೊಟ್ಟವರ ಹೆಸರಿನ ಜಾಗದಲ್ಲಿ ಬಾಡಿಗೆದಾರನ ಹೆಸರೇ ಬರುವಂತೆ ಬ್ಯಾಂಕನ್ನು ಕೇಳಿ. ವಿದ್ಯುತ್, ನೀರಿನ ಬಿಲ್ಲನ್ನು ಗ್ರಾಹಕ ಸಂಖ್ಯೆ ಹಾಕಿ ಅಂತರ್ಜಾಲದಲ್ಲೇ ತುಂಬಿ.

ಹೆಜ್ಜೆ 3: ಹಣ ಕೂಡಿಸಿ

ಆದಾಯದ ಹತ್ತನೆಯ ಒಂದು ಭಾಗ ಧರ್ಮಕ್ಕೆ ಎಂಬುದು ರೂಢಿ, ಅದಕ್ಕೆ ‘ಮಾಸೆರ್’ ಎನ್ನುತ್ತಾರೆ. ಐದನೆಯ ಒಂದು ಭಾಗ ಮೀರಬಾರದು ಎಂಬ ಮೇಲ್ಮಿತಿಯೂ ಇದೆ, ಕೊಡುವವನೇ ನಾಳೆ ಕೇಳುವವನಾಗಬಾರದೆಂದು. ಆದರೆ ಈ ಅಂಕಿಗಳನ್ನು ಸಭೆಯ ಮುಂದೆ ಭಾಷಣ ಮಾಡಿದರೆ ಹಣ ಬರುವುದಿಲ್ಲ. ಅಭ್ಯಾಸ ಮಾಡಿಸಿದರೆ ಬರುತ್ತದೆ.

ಹಳೆಯ ಅಭ್ಯಾಸವೆಂದರೆ ಪುಷ್ಕೆ: ಅಡುಗೆಮನೆಯ ಗೂಡಿನಲ್ಲಿರುವ ಸಣ್ಣ ತಗಡಿನ ಡಬ್ಬಿ. ಶುಕ್ರವಾರ ಸಂಜೆ ಮನೆಯಾಕೆ ಶಬ್ಬತ್ ದೀಪ ಹಚ್ಚುವ ಮುಂಚೆ ಒಂದಿಷ್ಟು ಚಿಲ್ಲರೆ ಹಾಕುತ್ತಾಳೆ. ದೀಪ ಹಚ್ಚಿದ ಮೇಲೆ ಹಣ ಮುಟ್ಟುವಂತಿಲ್ಲ, ಆದ್ದರಿಂದ ಈ ಕ್ರಮ. ಸಭೆಯ ಎಲ್ಲ ಮನೆಗೂ ಒಂದೊಂದು ಡಬ್ಬಿ ಕೊಡಿ, ಮಕ್ಕಳ ಕೈಯಲ್ಲೇ ಹಾಕಿಸಿ ಎನ್ನಿ. ಚಿಲ್ಲರೆ ಕಡಿಮೆಯಾಗಿರುವ ಈ ಕಾಲದಲ್ಲಿ ಇದರ ಜೊತೆಗೆ ತಿಂಗಳಿಗೆ 18 ಡಾಲರ್ ಬ್ಯಾಂಕಿನಿಂದ ತಾನಾಗಿ ಬರುವ ವ್ಯವಸ್ಥೆ ಮಾಡಿ. 18 ಏಕೆಂದರೆ ಹೀಬ್ರೂವಿನಲ್ಲಿ ಬದುಕು ಎಂಬರ್ಥದ ‘ಖಾಯ್’ ಪದದ ಅಕ್ಷರಗಳ ಮೌಲ್ಯ 18. ಜನ ಸಂತೋಷದಿಂದ ಕೊಡುವ ಮೊತ್ತ ಅದು. 40 ಮನೆ ಕೊಟ್ಟರೆ ತಿಂಗಳಿಗೆ 720, ವರ್ಷಕ್ಕೆ 8,640 ಡಾಲರ್. 40ಕ್ಕೆ 40 ಕೊಡುವುದಿಲ್ಲ. ಮೂರರಲ್ಲಿ ಎರಡು ಮನೆ ಎಂದು ಹಿಡಿದು ಬಜೆಟ್ ಮಾಡಿ. ತೀರಿಕೊಂಡವರ ವಾರ್ಷಿಕ ದಿನ ‘ಯಾರ್ಟ್ಸೈಟ್’ ಬರುವ ಎರಡು ವಾರ ಮೊದಲು ಕುಟುಂಬಕ್ಕೆ ಒಂದು ಸಾಲಿನ ಕಾಗದ ಬರೆಯಿರಿ. ನಾವು ಬಲ್ಲ ಮಟ್ಟಿಗೆ ಅದಕ್ಕಿಂತ ಖಚಿತವಾಗಿ ಹಣ ತರುವ ಕಾಗದ ಇನ್ನೊಂದಿಲ್ಲ.

ಧರ್ಮದಿಂದ ಬದುಕುವ ಬಡವನೂ ಧರ್ಮ ಕೊಡಬೇಕು ಎಂದು ತಾಲ್ಮುದ್ ಹೇಳುತ್ತದೆ. ಮೊದಲು ಕೇಳಿದಾಗ ಕ್ರೂರವೆನಿಸುವ ಮಾತು. ಆದರೆ ಡಬ್ಬಿ ಸುತ್ತುವಾಗ ಒಬ್ಬನನ್ನು ಮಾತ್ರ ದಾಟಿಸಿ ಹೋದರೆ ಅವನಿಗೆ ಆಗುವುದೇನು ಎಂದು ಯೋಚಿಸಿದರೆ ಅರ್ಥವಾಗುತ್ತದೆ. ಎಲ್ಲರಿಗೂ ಒಂದೇ ಬಗೆಯ ಮುಚ್ಚಿದ ಲಕೋಟೆ ಕೊಡಿ. ಒಳಗೆ ನೂರು ಡಾಲರೋ ಒಂದು ಡಾಲರೋ ಖಾಲಿಯೋ ಯಾರಿಗೂ ಕಾಣಬಾರದು. ಕಟ್ಟಡ ನಿಧಿಗೆ ಕೊಟ್ಟವರ ಪಟ್ಟಿ ಗೋಡೆಗೆ ಹಾಕುವ ಸಭೆಯಾದರೂ ಈ ನಿಧಿಗೆ ಹಾಕಬೇಡಿ, ಪಟ್ಟಿಯಲ್ಲಿ ಇಲ್ಲದವರ ಹೆಸರನ್ನೂ ಜನ ಓದುತ್ತಾರೆ.

ಬಂದದ್ದರಲ್ಲಿ ಮೂರನೆಯ ಒಂದು ಭಾಗ ತುರ್ತಿಗೆ ಮೀಸಲಿಡಿ. ಅದಕ್ಕಿಂತ ಹೆಚ್ಚು ಬೆಳೆಯಲು ಬಿಡಬೇಡಿ. ಎರಡು ವರ್ಷ ಕದಲದ ಧರ್ಮನಿಧಿ ಕಂಡರೆ ಊರಿನಲ್ಲಿ ಬಡತನ ಇಲ್ಲ ಎಂದಲ್ಲ, ಕೇಳಲು ದಾರಿ ಇಲ್ಲ ಎಂದು ತಿಳಿಯಿರಿ.

ಹೆಜ್ಜೆ 4: ಕೇಳುವ ದಾರಿ, ಕೊಡುವ ದಾರಿ

ಎಲ್ಲಕ್ಕಿಂತ ಹೆಚ್ಚು ಯೋಚನೆ ಬೇಡುವುದು ಇದೇ. 12ನೆಯ ಶತಮಾನದ ವೈದ್ಯ, ಧರ್ಮಶಾಸ್ತ್ರಜ್ಞ ಮೈಮೋನಿಡಿಸ್ ಕೊಡುವುದನ್ನು ಎಂಟು ಮೆಟ್ಟಿಲಾಗಿ ಜೋಡಿಸಿದ. ತೀರ ಕೆಳಗಿನದು ಮುಖ ಗಂಟಿಕ್ಕಿ ಕೊಡುವುದು. ಅದರ ಮೇಲೆ ಒಂದೊಂದಾಗಿ, ಕಡಿಮೆಯಾದರೂ ನಗುಮುಖದಿಂದ ಕೊಡುವುದು, ಕೇಳಿದ ಮೇಲೆ ಕೊಡುವುದು, ಕೇಳುವ ಮುಂಚೆ ಕೊಡುವುದು. ನಂತರ ಪಡೆದವನಿಗೆ ಕೊಟ್ಟವನು ಗೊತ್ತು, ಕೊಟ್ಟವನಿಗೆ ಪಡೆದವನು ಗೊತ್ತಿಲ್ಲ. ಅದರ ಮೇಲೆ ಇದರ ತಿರುಗು. ಇನ್ನೂ ಮೇಲೆ, ಇಬ್ಬರಿಗೂ ಇಬ್ಬರೂ ಗೊತ್ತಿಲ್ಲ. ಎಲ್ಲಕ್ಕೂ ಮೇಲಿನದು, ಸಾಲವೋ ಪಾಲುದಾರಿಕೆಯೋ ಕೆಲಸವೋ ಕೊಟ್ಟು ಅವನು ಮತ್ತೆ ಕೈಚಾಚದಂತೆ ನಿಲ್ಲಿಸುವುದು. ಸಣ್ಣ ಸಭೆಯಲ್ಲಿ ಇಬ್ಬರಿಗೂ ತಿಳಿಯದ ಮೆಟ್ಟಿಲು ತಾನಾಗಿ ಬರುವುದಿಲ್ಲ, ಕಟ್ಟಬೇಕು.

ಒಂದು ಫೋನ್ ಸಂಖ್ಯೆ ಇಡಿ. ಅದನ್ನು ಪ್ರಾರ್ಥನಾ ಪುಸ್ತಕದ ಒಳರಕ್ಷಾಪುಟದಲ್ಲಿ, ಶೌಚಾಲಯದ ಬಾಗಿಲ ಒಳಬದಿಯಲ್ಲಿ ಅಂಟಿಸಿ. ಯಾರೂ ನೋಡದ ಜಾಗದಲ್ಲಿ ಬರೆದುಕೊಳ್ಳಲು ಆಗಬೇಕು. ಅರ್ಜಿ ನಮೂನೆ ಬೇಡ. ನಾಲ್ಕೇ ಪ್ರಶ್ನೆ ಕೇಳಿ: ಏನು ಬೇಕು, ಯಾವಾಗಿನೊಳಗೆ ಬೇಕು, ಮುಂದಿನ ತಿಂಗಳು ಇದೇ ಕಷ್ಟ ಮತ್ತೆ ಬರುತ್ತದೆಯೇ, ಬೇರೆ ಎಲ್ಲಿ ಕೇಳಿದ್ದೀರಿ. ಮೂರನೆಯದಕ್ಕೆ ಹೌದು ಎಂದರೆ ನಿಧಿ ಒಂದೇ ಸಾಲದು. ಊರಿನ ಸರ್ಕಾರಿ, ಸ್ವಯಂಸೇವಾ ನೆರವುಗಳನ್ನು ತಿಳಿಸುವ 211 ಸಂಖ್ಯೆಗೆ ಅವರೊಂದಿಗೆ ಕೂತು ಕರೆ ಮಾಡಿ.

ಹಸಿವು ಎಂದವರನ್ನು ವಿಚಾರಿಸಬೇಡಿ, ಅವತ್ತೇ ಕೊಡಿ. ಬಾಡಿಗೆ, ಔಷಧ, ಕಾರಿನ ರಿಪೇರಿಗೆ ಬಿಲ್ ನೋಡಿ, 48 ಗಂಟೆಯೊಳಗೆ ಉತ್ತರ ಹೇಳಿ. ತಾಲ್ಮುದ್‌ನಲ್ಲೂ ಉಣ್ಣಲು ಕೇಳಿದವನನ್ನು ಪರೀಕ್ಷಿಸಬಾರದು, ಬಟ್ಟೆ ಕೇಳಿದವನನ್ನು ವಿಚಾರಿಸಬಹುದು ಎಂಬ ಅಭಿಪ್ರಾಯ ಇದೆ, ಹಸಿವು ಕಾಯುವುದಿಲ್ಲ. ದಾರಿಹೋಕನಿಗೆ ಒಂದು ರೊಟ್ಟಿ, ತಂಗಲು ಜಾಗ, ಶಬ್ಬತ್‌ಗೆ ಸಿಕ್ಕಿದರೆ ಮೂರು ಊಟ ಎಂದು ಮಿಶ್ನಾ ಹೇಳುತ್ತದೆ. ಈಗ ಅದು ಒಂದು ರಾತ್ರಿಯ ಮೋಟೆಲ್ ಮತ್ತು ಪೆಟ್ರೋಲ್ ಕಾರ್ಡ್. ಒಬ್ಬನೇ ಮನುಷ್ಯ ಅಕ್ಕಪಕ್ಕದ ಐದೂರಿನ ಸಿನಗಾಗ್‌ಗಳಿಗೆ ಒಂದೇ ಕಥೆ ಹೇಳಿಕೊಂಡು ಬರುವುದೂ ಉಂಟು. ಅವನಿಗೂ ಊಟ ಕೊಡಿ, ನಗದು ಬೇಡ.

ದಿನಸಿಗೆ ಸೂಪರ್ ಮಾರ್ಕೆಟ್ಟಿನ 50 ಡಾಲರ್ ಕಾರ್ಡು ಒಳ್ಳೆಯದು. ಅದನ್ನು ಇನ್ನೂ ಗುಟ್ಟಾಗಿಸಲು ಒಂದು ಉಪಾಯ ಇದೆ. ಅನೇಕ ಸಭೆಗಳು ಇಂಥ ಕಾರ್ಡುಗಳನ್ನು ಸಗಟಾಗಿ ತಂದು ಸದಸ್ಯರಿಗೆ ಪೂರ್ಣ ಬೆಲೆಗೆ ಮಾರಿ ಉಳಿದ ಕಮಿಷನ್ನನ್ನು ಸಭೆಯ ಖರ್ಚಿಗೆ ಬಳಸುತ್ತವೆ. ಎಲ್ಲರ ಕೈಯಲ್ಲೂ ಅದೇ ಕಾರ್ಡ್ ಇದ್ದರೆ ಅಂಗಡಿಯ ಸಾಲಿನಲ್ಲಿ ಯಾರದು ಕೊಂಡದ್ದು, ಯಾರದು ಕೊಟ್ಟದ್ದು ಎಂದು ಹಿಂದೆ ನಿಂತವರಿಗೆ ತಿಳಿಯುವುದಿಲ್ಲ.

‘ಅವನ ಕೊರತೆಗೆ ಸಾಕಾಗುವಷ್ಟು’ ಕೊಡಬೇಕು ಎಂಬುದು ಯಹೂದಿಗಳ ಮೂಲ ಧರ್ಮಗ್ರಂಥವಾದ ತೋರಾದ ಮಾತು. ಕೊರತೆ ಅವನದು, ನಾವು ಊಹಿಸಿದ್ದಲ್ಲ. ಸಿರಿವಂತಿಕೆಯಿಂದ ಇಳಿದುಬಂದ ಒಬ್ಬನಿಗೆ ಹಿಲ್ಲೆಲ್ ಎಂಬ ಗುರು ಸವಾರಿಗೆ ಕುದುರೆಯನ್ನೂ ಮುಂದೆ ಓಡಲು ಆಳನ್ನೂ ಒದಗಿಸಿದ ಎಂದು ತಾಲ್ಮುದ್ ಹೇಳುತ್ತದೆ. 8,640 ಡಾಲರಿನ ನಿಧಿ ಕುದುರೆ ಕೊಡಲಾರದು. ಆದರೆ ಮಗಳ ಬಾತ್ ಮಿತ್ಸ್ವಾಗೆ (ಧರ್ಮದ ಹೊಣೆ ಹೊರುವ ವಯಸ್ಸಿಗೆ ಬಂದಾಗಿನ ಸಮಾರಂಭ) ಹೊಸ ಉಡುಪು ಕೇಳಿದ ತಾಯಿಗೆ ‘ಹಳೆಯದಿಲ್ಲವೇ’ ಎನ್ನಬೇಡಿ. ಆ ದಿನ ಎಲ್ಲರ ಕಣ್ಣೂ ಆ ಹುಡುಗಿಯ ಮೇಲಿರುತ್ತದೆ.

ಲೆಕ್ಕದ ಪುಸ್ತಕದಲ್ಲಿ ಹೆಸರು ಬರೆಯಬೇಡಿ. ‘ಪ್ರಕರಣ 7, ವಿದ್ಯುತ್, 143 ಡಾಲರ್’ ಅಷ್ಟೇ. ಸಂಖ್ಯೆಗೂ ಹೆಸರಿಗೂ ಇರುವ ನಂಟು ಒಂದೇ ಹಾಳೆಯಲ್ಲಿ, ಮುಚ್ಚಿದ ಲಕೋಟೆಯಲ್ಲಿ, ಒಬ್ಬ ಗಬ್ಬಾಯಿಯ ಬೀಗದೊಳಗೆ ಇರಲಿ. ಆಡಳಿತ ಸಮಿತಿಗೆ ವರ್ಷದ ಕೊನೆಗೆ ಎಷ್ಟು ಪ್ರಕರಣ, ಎಷ್ಟು ಹಣ ಎಂಬ ಎರಡು ಅಂಕಿ ಸಾಕು. ‘ಮೂರು ಮಕ್ಕಳ ಒಂಟಿ ತಾಯಿಗೆ’ ಎಂದು ವಿವರಿಸಿದರೆ 40 ಮನೆಗಳಲ್ಲಿ ಹೆಸರು ಹೇಳಿದಂತೆಯೇ.

ಹೆಜ್ಜೆ 5: ಬಡ್ಡಿಯಿಲ್ಲದ ಕೈಗಡ

‘ಗೆಮಾಖ್’ ಎಂಬ ವ್ಯವಸ್ಥೆಗೆ ಕನ್ನಡದಲ್ಲಿ ಸಿದ್ಧವಾಗಿರುವ ಪದ ಕೈಗಡ. ತೋರಾ ತನ್ನವರಿಂದ ಬಡ್ಡಿ ತೆಗೆದುಕೊಳ್ಳುವುದನ್ನು ನಿಷೇಧಿಸಿದೆ, ತಾಲ್ಮುದ್ ಸಾಲ ಕೊಡುವುದನ್ನು ಕೊಡುಗೆಗಿಂತ ಮೇಲಿಟ್ಟಿದೆ. ಧರ್ಮ ಬೇಡ ಎನ್ನುವ ಸ್ವಾಭಿಮಾನಿಗೂ ಸಾಲವೆಂದು ಕೊಡಿ, ತೀರಿಸಲಾಗದಿದ್ದರೆ ಆಮೇಲೆ ನೋಡೋಣ ಎಂಬುದು ಹಳೆಯ ಜಾಣ್ಮೆ. ನ್ಯೂಯಾರ್ಕಿನ ಹೀಬ್ರೂ ಫ್ರೀ ಲೋನ್ ಸೊಸೈಟಿ 1892ರಿಂದ ಇದೇ ಕೆಲಸ ಮಾಡುತ್ತಿದೆ.

ಸಣ್ಣ ಸಭೆಗೆ ಮೊತ್ತ 300ರಿಂದ 1,500 ಡಾಲರ್ ಸಾಕು, 12 ಕಂತು. ಎಷ್ಟೇ ಪರಿಚಯವಿದ್ದರೂ ಪತ್ರ ಬರೆದು ಇಬ್ಬರು ಸಾಕ್ಷಿ ಹಾಕಿಸಿ. ಸಾಕ್ಷಿಯಿಲ್ಲದೆ ಸಾಲ ಕೊಡುವವನನ್ನು ತಾಲ್ಮುದ್ ಬೈಯುತ್ತದೆ, ಮರೆವಿನಿಂದ ಆಮೇಲೆ ಜಗಳ ಆಗುವುದೆಂದು. ಮೊದಲ ಕಂತು ಸಾಲ ಕೊಟ್ಟ 45 ದಿನದ ನಂತರ ಇರಲಿ. ಕೂಡಲೇ ಶುರುವಾದರೆ ಅದೇ ಸಾಲದ ಹಣದಿಂದಲೇ ಕಂತು ಕಟ್ಟುತ್ತಾರೆ.

ಕಂತು ತಪ್ಪಿದಾಗ ಎಚ್ಚರ ಬೇಕು. ಕೊಡಲಾಗದವನೆಂದು ಗೊತ್ತಿದ್ದರೆ ಸಾಲ ಕೊಟ್ಟವನು ಅವನ ಎದುರಿಗೆ ಹಾದುಹೋಗಲೂ ಬಾರದು ಎನ್ನುತ್ತದೆ ಶಾಸ್ತ್ರ. ಒಂದೇ ಕಾಫಿ ಮೇಜಿನ ಸುತ್ತ ನಿಲ್ಲುವ ಸಭೆಯಲ್ಲಿ ಇದನ್ನು ಪಾಲಿಸುವುದು ಹೇಗೆ? ಕಂತು ಬ್ಯಾಂಕಿನಿಂದಲೇ ವರ್ಗವಾಗಲಿ. ತಪ್ಪಿದರೆ ಕಾಗದದಲ್ಲಿ ಒಮ್ಮೆ ಕೇಳಿ, ಸಿನಗಾಗ್‌ನ ಒಳಗೆ ಎಂದೂ ಬೇಡ. ಎರಡನೆಯ ಸಲವೂ ತಪ್ಪಿದರೆ ಕಂತನ್ನು ಅರ್ಧ ಮಾಡಿ. ಸಾಲ ತೀರಿಸಲಾಗದೆ ನಾಚಿ ಪ್ರಾರ್ಥನೆಗೇ ಬರುವುದನ್ನು ಬಿಟ್ಟರೆ, ಸಭೆ ಕಳೆದುಕೊಂಡದ್ದು 600 ಡಾಲರಿಗಿಂತ ಎಷ್ಟೋ ಹೆಚ್ಚು.

ವಸ್ತುಗಳ ಕೈಗಡವೂ ಇದೆ: ಗಾಲಿಕುರ್ಚಿ, ಊರುಗೋಲು, ತೊಟ್ಟಿಲು, ಮಡಚುವ ಕುರ್ಚಿ. ಪ್ರತಿಯೊಂದಕ್ಕೂ ಸಂಖ್ಯೆಯ ಚೀಟಿ ಕಟ್ಟಿ, ತೆಗೆದುಕೊಂಡ ದಿನಾಂಕ ಬರೆಯಿರಿ.

ಹೆಜ್ಜೆ 6: ಊಟ

ಮನೆಗೆ ಊಟ ಕಳಿಸುವುದೆಂದರೆ ಎಲ್ಲರೂ ಮುಂದೆ ಬರುತ್ತಾರೆ, ಮತ್ತು ಮೊದಲ ವಾರವೇ ಫ್ರಿಜ್ ತುಂಬಿ ಚೆಲ್ಲುತ್ತದೆ. ಬಾಣಂತಿಗೋ ಶಸ್ತ್ರಚಿಕಿತ್ಸೆ ಆದವರಿಗೋ ವಾರಕ್ಕೆ ಮೂರು ದಿನ ಸಾಕು, ಅದರಲ್ಲೊಂದು ಶುಕ್ರವಾರ ಮಧ್ಯಾಹ್ನ ಶಬ್ಬತ್‌ಗಾಗಿ. ಒಬ್ಬರೇ ಪಟ್ಟಿ ನೋಡಿಕೊಳ್ಳಲಿ, ಇಲ್ಲವಾದರೆ ಒಂದೇ ವಾರ ಮೂರು ಲಸಾನ್ಯ ಬರುತ್ತವೆ. ಮನೆಬಾಗಿಲಲ್ಲಿ ಐಸ್ ಹಾಕಿದ ಪೆಟ್ಟಿಗೆ ಇಟ್ಟರೆ ಬಾಣಂತಿ ಎದ್ದು ಬಂದು ನಗಬೇಕಾಗಿಲ್ಲ.

ಕಾಷರ್ (ಯಹೂದಿ ಆಹಾರ ನಿಯಮ) ವಿಷಯ ಮೊದಲೇ ಕೇಳಿ. ಕಟ್ಟುನಿಟ್ಟಾಗಿ ಪಾಲಿಸುವ ಮನೆಗೆ ಬೇರೆ ಮನೆಯ ಅಡುಗೆ ಆಗುವುದಿಲ್ಲ. ಪ್ರಮಾಣೀಕರಣದ ಗುರುತಿರುವ ಸೀಲ್ ತೆರೆಯದ ಪೊಟ್ಟಣ, ತೊಳೆದ ಇಡೀ ಹಣ್ಣು ಆಗುತ್ತದೆ. ಮಾಂಸ ಮತ್ತು ಹಾಲು ಒಂದೇ ಚೀಲದಲ್ಲಿ ಬೇಡ, ತಟ್ಟೆ ಬಿಸಾಡುವಂಥದ್ದು ಇರಲಿ. ಬೇಯಿಸಿದ್ದು 4ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಎರಡು ಗಂಟೆಗಿಂತ ಹೆಚ್ಚು ಇದ್ದರೆ ಕೊಡಬೇಡಿ, ಅನ್ನಕ್ಕೆ ಇದು ಇನ್ನೂ ಮುಖ್ಯ. ಸಾವಿನ ಮನೆಯಲ್ಲಿ ಮಣ್ಣು ಮಾಡಿ ಬಂದ ಮೇಲಿನ ಮೊದಲ ಊಟವನ್ನು ಮನೆಯವರು ತಮ್ಮದನ್ನು ಉಣ್ಣುವುದಿಲ್ಲ, ನೆರೆಯವರೇ ತರಬೇಕು: ಬೇಯಿಸಿದ ಮೊಟ್ಟೆ, ಮಸೂರ ಬೇಳೆ, ದುಂಡಗಿನ ರೊಟ್ಟಿ. ಅವರು ಸ್ಮಶಾನದಿಂದ ಬರುವ ಹೊತ್ತಿಗೆ ಮೇಜಿನ ಮೇಲಿರಬೇಕು, ಆದ್ದರಿಂದ ಒಬ್ಬರು ಅಂತ್ಯಕ್ರಿಯೆಗೆ ಹೋಗದೆ ಮನೆಯಲ್ಲೇ ಉಳಿಯಿರಿ.

ಊರಿನ ಆಹಾರ ಭಂಡಾರಕ್ಕೂ ಕೊಡಿ. ಯಹೂದಿಯಲ್ಲದ ಬಡವರನ್ನೂ ನಮ್ಮ ಬಡವರ ಜೊತೆಗೇ ಪೋಷಿಸಬೇಕು, ಅದು ಶಾಂತಿಯ ದಾರಿ ಎಂದು ತಾಲ್ಮುದ್. ಯಹೂದಿ ಹೊಸ ವರ್ಷವಾದ ರೋಷ್ ಹಶಾನಾ ದಿನ ಕಾಗದದ ಚೀಲ ಹಂಚಿ, ಯೋಮ್ ಕಿಪ್ಪುರ್ ಉಪವಾಸ ಶುರುವಾಗುವ ಸಂಜೆ ಸೂರ್ಯಾಸ್ತದ ಮುಂಚೆ ತುಂಬಿ ತರಲು ಹೇಳಿ. ತಾವು ಉಣ್ಣದ ಊಟ ಇನ್ನೊಬ್ಬರ ಮನೆಗೆ. ಚೀಲಕ್ಕೆ 5 ಕಿಲೋದಂತೆ 40 ಚೀಲ ಎಂದರೆ 200 ಕಿಲೋ: ಭಂಡಾರಕ್ಕೆ ಮೊದಲೇ ತಿಳಿಸಿ, ವ್ಯಾನ್ ಗೊತ್ತು ಮಾಡಿ, ಹಬ್ಬ ಮುಗಿಯುವವರೆಗೆ ಇಡಲು ಒಣ ಕೋಣೆ ನೋಡಿ. ಡಿಸೆಂಬರ್ 25ರಂದು ಕ್ರೈಸ್ತ ಸ್ವಯಂಸೇವಕರಿಗೆ ರಜೆ ಕೊಟ್ಟು ಅನ್ನಛತ್ರದ ಪಾಳಿ ವಹಿಸಿಕೊಳ್ಳುವುದು ಅನೇಕ ಸಭೆಗಳ ಒಳ್ಳೆಯ ರೂಢಿ.

ಪುರಿಮ್ ಹಬ್ಬದಲ್ಲಿ ಪ್ರತಿಯೊಬ್ಬರೂ ಇಬ್ಬರು ಬಡವರಿಗೆ ಒಂದೊಂದು ಕಾಣಿಕೆ ಅದೇ ದಿನ ಕೊಡಬೇಕು. ಹಣ ಮೊದಲೇ ಸಂಗ್ರಹಿಸಿ, ಆದರೆ ಮುಟ್ಟಿಸುವುದು ಪುರಿಮ್ ಹಗಲಿನಲ್ಲೇ. ಹಿಂದಿನ ವಾರ ಚೆಕ್ ಅಂಚೆಗೆ ಹಾಕಿದರೆ ಕೊಟ್ಟವರ ಕರ್ತವ್ಯ ನಡೆದಂತಾಗದು. ಅಲ್ಲಿಂದ ಪಾಸ್‌ಓವರ್‌ಗೆ ಒಂದು ತಿಂಗಳು. ಸಣ್ಣ ಊರಿನ ಅಂಗಡಿಯಲ್ಲಿ ಆ ಹಬ್ಬಕ್ಕೆ ಬೇಕಾದ, ಹುಳಿ ಬರಿಸದ ಮಾತ್ಸಾ ರೊಟ್ಟಿ ಬೇಗ ಮುಗಿಯುತ್ತದೆ, ಪುರಿಮ್ ಮರುದಿನವೇ ಬೇಡಿಕೆ ಸಲ್ಲಿಸಿ. ನಾಲ್ವರ ಮನೆಗೆ ಐದು ಪೌಂಡಿನ ಮಾತ್ಸಾ ಕಟ್ಟು ಒಂದು. ಹಬ್ಬದ ವಿಧಿಯೂಟ ನಡೆಯುವ ಸೇದರ್ ರಾತ್ರಿ ತಲೆಗೆ ನಾಲ್ಕು ಬಟ್ಟಲು ವೈನ್. ಬಟ್ಟಲಿಗೆ 100 ಮಿ.ಲೀ. ಎಂದರೂ ನಾಲ್ವರಿಗೆ 1.6 ಲೀಟರ್, ಆದ್ದರಿಂದ 750 ಮಿ.ಲೀ. ಬಾಟಲಿ ಎರಡಲ್ಲ, ಮೂರು. ಒಂದಾದರೂ ದ್ರಾಕ್ಷಿರಸ ಇರಲಿ, ಮಕ್ಕಳಿಗೂ ಕುಡಿಯದವರಿಗೂ.

ಹೆಜ್ಜೆ 7: ರೋಗಿಯನ್ನು ನೋಡಲು

‘ಬಿಕೂರ್ ಖೋಲಿಮ್’ ಎಂಬ ಈ ಕೆಲಸಕ್ಕೆ ಹಣ ಬೇಡ, ಸಮಯ ಬೇಕು. ಫೋನ್ ಮಾಡಿ ಹೋಗಿ, ಕುರ್ಚಿ ಎಳೆದುಕೊಂಡು ರೋಗಿಯ ಕಣ್ಣಿನ ಮಟ್ಟಕ್ಕೆ ಕೂರಿ, 20 ನಿಮಿಷಕ್ಕೆ ಏಳಿ. ದೂರದವರು ಮೊದಲ ಮೂರು ದಿನ ಬಿಟ್ಟು ಹೋಗಬೇಕು ಎಂದು ಶಾಸ್ತ್ರ. ಎಲ್ಲರೂ ಕೂಡಲೇ ನುಗ್ಗಿದರೆ ಸಣ್ಣ ಜ್ವರವೂ ಊರ ಸುದ್ದಿಯಾಗುತ್ತದೆ. ಹೊಟ್ಟೆಯ ಕಾಯಿಲೆ ಇರುವವರ ಹತ್ತಿರ ಹೋಗಬೇಡಿ ಎಂದೂ ಇದೆ, ಅವರು ಪದೇಪದೇ ಎದ್ದು ಹೋಗಬೇಕಾಗಿ ಮುಜುಗರಪಡುತ್ತಾರೆಂದು. ಬಾಗಿಲಾಚೆ ನಿಂತು ಏನು ತರಬೇಕೆಂದು ಕೇಳಿ. ಗುಣವಾಗಲೆಂದು ಸಭೆಯಲ್ಲಿ ಹೆಸರು ಕೂಗಿ ಪ್ರಾರ್ಥಿಸುವ ಮುಂಚೆ ರೋಗಿಯ ಒಪ್ಪಿಗೆ ಪಡೆಯಿರಿ.

ಹೆಜ್ಜೆ 8: ಸಾವು

ಸತ್ತವರಿಗೆ ಮಾಡುವ ಸೇವೆಗೆ ‘ಖೆಸೆದ್ ಶೆಲ್ ಎಮೆತ್’, ನಿಜವಾದ ಪ್ರೀತಿ ಎಂದು ಹೆಸರು. ಪಡೆದವರು ಮುಯ್ಯಿ ತೀರಿಸಲಾರರು. ಖೆವ್ರಾ ಕದಿಶಾ ಎಂಬ ಗುಂಪು ಶವವನ್ನು ತೊಳೆದು, ಶುದ್ಧಿಯ ನೀರೆರೆದು, ಉಡುಗೆ ತೊಡಿಸುತ್ತದೆ. ಗಂಡಿಗೆ ಗಂಡಸರು, ಹೆಣ್ಣಿಗೆ ಹೆಂಗಸರು, ತಲಾ ನಾಲ್ಕೈದು ಜನ. ನೀರು ಒಂಬತ್ತು ‘ಕಾವ್’, ಸುಮಾರು 23 ಲೀಟರ್, ಮೂರು ಬಕೆಟ್‌ಗಳಲ್ಲಿ ಧಾರೆ ಕಡಿಯದಂತೆ: ಮೊದಲ ಬಕೆಟ್ ಮುಗಿಯುವ ಮುಂಚೆ ಎರಡನೆಯದು ಸುರಿಯಲು ಶುರುವಾಗಬೇಕು. ಹೊಸಬರು ಎಡವುವುದು ಇಲ್ಲೇ. ಖಾಲಿ ಮೇಜಿನ ಮೇಲೆ ನೀರೆರೆದು ಎರಡು ಸಲ ಅಭ್ಯಾಸ ಮಾಡಿ.

ಸಣ್ಣ ಸಭೆಯಲ್ಲಿ ಎರಡು ಗುಂಪಿಗೆ ಜನ ಸಾಲದಿದ್ದರೆ ಒಂದು ಗಂಟೆ ದೂರದ ಸಭೆಯ ಜೊತೆ ಈಗಲೇ ಮಾತಾಡಿಟ್ಟುಕೊಳ್ಳಿ. ಸಾವಾದ ದಿನ ಹುಡುಕಲು ಹೊರಟರೆ ಸಿಗುವುದಿಲ್ಲ, ಏಕೆಂದರೆ ಮಣ್ಣು ಮಾಡುವುದು ತಡವಾಗಬಾರದು. ಊರಿನ ಶವಾಗಾರದಲ್ಲಿ ನೀರು ಹರಿದುಹೋಗುವ ಮೇಜು ಇದೆಯೇ ನೋಡಿ. ಬಿಳಿ ನಾರುಬಟ್ಟೆಯ ಉಡುಗೆಗಳನ್ನು ಎರಡು ಅಳತೆಯಲ್ಲಿ ಇಟ್ಟಿರಿ. ಅದಕ್ಕೆ ಜೇಬಿರುವುದಿಲ್ಲ, ಕಟ್ಟುವುದೂ ಬಿಗಿ ಗಂಟಲ್ಲ, ಎಳೆದರೆ ಬಿಚ್ಚುವ ಕುಣಿಕೆ. ಒಂದು ಕಾಲದಲ್ಲಿ ಸತ್ತವರಿಗೆ ಬೆಲೆಬಾಳುವ ಬಟ್ಟೆ ತೊಡಿಸುವ ಪೈಪೋಟಿಯಲ್ಲಿ, ಖರ್ಚಿಗೆ ಹೆದರಿದವರು ಶವ ಬಿಟ್ಟು ಓಡಿಹೋಗುತ್ತಿದ್ದರಂತೆ. ಆಗ ರಬ್ಬಾನ್ ಗಮ್ಲಿಯೇಲ್ ತನಗೇ ಸಾದಾ ನಾರುಬಟ್ಟೆ ತೊಡಿಸಿ ಎಂದ. ಅಂದಿನಿಂದ ಬಡವ ಬಲ್ಲಿದ ಎಲ್ಲರಿಗೂ ಒಂದೇ.

ಹಣ ಕೊಡಲಾಗದವರಿಗೆಂದು ಸ್ಮಶಾನದಲ್ಲಿ ಎರಡು ಜಾಗ ಕಾದಿರಿಸಿ. ಬೇಲಿಯ ಮೂಲೆಯಲ್ಲಲ್ಲ, ಸಾಲಿನ ನಡುವೆ. ಸಭೆ ಎಷ್ಟೇ ಚಿಕ್ಕದಿದ್ದರೂ ಯಹೂದಿಗಳು ನೆಲೆಸಿದಲ್ಲಿ ಬೇಗ ಹುಡುಕಿಕೊಳ್ಳುವುದು ಮಣ್ಣಿಗೆ ಜಾಗ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ 1904ರಿಂದ ಇರುವ ಪುಟ್ಟ ಯಹೂದಿ ಸ್ಮಶಾನ ಅಂಥದ್ದೇ ಒಂದು.

ವರ್ಷದ ಕೊನೆಗೆ

ನಂಬಿಗಸ್ತ ಗಬ್ಬಾಯಿಗಳ ಲೆಕ್ಕ ಕೇಳಬೇಕಾಗಿಲ್ಲ ಎಂದು ಶಾಸ್ತ್ರವಿದ್ದರೂ, ತಾವಾಗಿಯೇ ಲೆಕ್ಕ ಒಪ್ಪಿಸುವುದು ಒಳ್ಳೆಯದೆಂದು ನಂತರದವರು ಸೇರಿಸಿದರು. ಊರಿನ ಹೊರಗಿನ ಲೆಕ್ಕಿಗರೊಬ್ಬರಿಗೆ ಬಿಲ್ಲುಗಳನ್ನು ಹೆಸರು ಮುಚ್ಚಿ ತೋರಿಸಿ. ತೀರಿದ ಪ್ರಕರಣಗಳ ಹೆಸರಿನ ಹಾಳೆಯನ್ನು ಎಷ್ಟು ವರ್ಷ ಇಡಬೇಕೆಂದು ಅವರನ್ನೇ ಕೇಳಿ, ಅವಧಿ ಮುಗಿದ ದಿನ ಮೂವರೂ ಕೂತು ಚೂರು ಮಾಡಿ. ಹೊಸ ಗಬ್ಬಾಯಿಗೆ ಬೀಗದ ಕೈ, ಲಕೋಟೆ, ಫೋನ್ ಒಪ್ಪಿಸಿ. ಅವರ ಮೊದಲ ಕೆಲಸ: ಬಾಗಿಲ ಒಳಬದಿಯ ಚೀಟಿಯಲ್ಲಿರುವ ಸಂಖ್ಯೆಗೆ ಬೇರೆ ಫೋನಿನಿಂದ ಕರೆ ಮಾಡಿ, ಅದು ಈಗಲೂ ರಿಂಗ್ ಆಗುತ್ತದೆಯೇ ಎಂದು ನೋಡುವುದು.